ಪೆಟ್ಟಿಗೆಯೊಳಗಿನ ಚೀಟಿ

ಆ ಬೀದಿಯಲ್ಲಿ ಅವಳ ಹೆಸರು ಸ್ಕ್ರೂ ಅಕ್ಕ. ಕಂಪ್ಯೂಟರ್ ರಿಪೇರಿ ಮಾಡುವವರಿಗೇನೂ ಬರವಿಲ್ಲ, ಮೂಲೆಗೊಬ್ಬರು ಸಿಗುತ್ತಾರೆ. ಆದರೆ ಬಿಚ್ಚಿದ ಸ್ಕ್ರೂಗಳನ್ನು ಸ್ಟೀಲ್ ಡಬ್ಬದ ಮುಚ್ಚಳದಲ್ಲಿ ಸಾಲಾಗಿ ಇಟ್ಟುಕೊಂಡು, ಮುಚ್ಚುವಾಗ ಒಂದೊಂದನ್ನೇ ಎಣಿಸಿ ಹಾಕಿ, "ಹನ್ನೊಂದು ಬಿಚ್ಚಿದ್ದೆ, ಹನ್ನೊಂದೂ ಹಾಕಿದೀನಿ, ನೋಡ್ಕೊಳ್ಳಿ" ಎಂದು ಗಿರಾಕಿಯ ಮುಖಕ್ಕೇ ಹೇಳುವವಳು ಅವಳೊಬ್ಬಳೇ. ಒಮ್ಮೆ ಯಾರದೋ ಮಷೀನಿನ ಒಂದು ಸ್ಕ್ರೂ ಮೇಜಿನಡಿ ಉರುಳಿಹೋಗಿ ಮಾರನೆಯ ದಿನ ಸಿಕ್ಕಿತೆಂದು, ಅದೊಂದನ್ನೇ ಕಾಗದದಲ್ಲಿ ಸುತ್ತಿಕೊಂಡು ಮೂರು ಬೀದಿ ನಡೆದು ಹೋಗಿ ಕೊಟ್ಟುಬಂದಿದ್ದಳು. ಅಂಥವಳ ಹೊಟ್ಟೆಯಲ್ಲಿ ಒಲೆ ಹೊತ್ತಿಕೊಂಡಿತ್ತು ಎಂದರೆ ಬೀದಿಯವರು ಇವತ್ತಿಗೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ಹೊತ್ತಿಕೊಂಡಿದ್ದಂತೂ ನಿಜ.

ಅವಳು ಈ ಕೆಲಸ ಕಲಿತದ್ದು ಯಾವ ಕಾಲೇಜಿನಲ್ಲೂ ಅಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಪಕ್ಕದ ಬೀದಿಯ ಟೈಪಿಂಗ್ ಅಂಗಡಿಗೆ ಹೋಗುತ್ತಿದ್ದಳು. ಅಲ್ಲಿನ ಮಷೀನುಗಳು ವಾರಕ್ಕೊಂದು ಮುನಿಸಿಕೊಳ್ಳುತ್ತಿದ್ದವು. ರಿಪೇರಿಗೆ ಬರುತ್ತಿದ್ದ ಮುದುಕರಿಗೆ ಕಣ್ಣು ಮಂಜು. "ಏನಮ್ಮ, ಸ್ವಲ್ಪ ಟಾರ್ಚ್ ಹಿಡ್ಕೋ" ಎಂದರು ಒಂದು ದಿನ. ಹಿಡಿದ ಟಾರ್ಚನ್ನು ಅವಳು ನಾಲ್ಕು ವರ್ಷ ಕೆಳಗಿಡಲಿಲ್ಲ. ಆ ಮುದುಕರನ್ನು ಅವಳು ಮೇಷ್ಟ್ರು ಎಂದಳು, ಅವರು ಅವಳನ್ನು ಕಲಿಸಿದಷ್ಟೂ ಕೇಳುವ ಪಿಶಾಚಿ ಎಂದರು.

ಮೇಷ್ಟ್ರು ಕಲಿಸಿದ್ದರಲ್ಲಿ ಒಂದು ಪದ್ಧತಿ ಅವಳ ಕೈಗೇ ಅಂಟಿಕೊಂಡಿತು. ಪೆಟ್ಟಿಗೆಯ ಪಕ್ಕದ ತಗಡು ಮುಚ್ಚುವ ಮೊದಲು ಒಂದು ಚೀಟಿ ಬರೆದು ಆ ತಗಡಿನ ಒಳಮೈಗೆ ಅಂಟಿಸಬೇಕು. ತಾರೀಕು, ಒಳಗೆ ಏನೇನಿದೆ, ಅದಕ್ಕೆ ಎಷ್ಟು ವಾಟ್ ಕರೆಂಟು ಬೇಕು, ಎಷ್ಟಿದೆ, ದೋಷ ಏನು, ಕೊನೆಗೆ ಸಹಿ. "ನಾಳೆ ಇದನ್ನ ಬಿಚ್ಚೋನು ನಿನಗೆ ಆಗದೋನೇ ಆಗಿರ್ಲಿ, ಅವನ ಕೈಗೂ ನಿಜಾನೇ ಸಿಗ್ಬೇಕು" ಎನ್ನುತ್ತಿದ್ದರು. ಕೆಲಸ ಬಿಡುವ ದಿನ ತಮ್ಮ ಚೀಲದಿಂದ ಇಟ್ಟಿಗೆಯಷ್ಟು ತೂಕದ ಒಂದು ಕಪ್ಪು ಡಬ್ಬಿ ತೆಗೆದು ಅವಳ ಕೈಗಿಟ್ಟರು. ಏಳುನೂರ ಐವತ್ತು ವಾಟಿನ ಪವರ್ ಸಪ್ಲೈ. "ಯಾವ ಮಷೀನಿನ ಮೇಲಾದ್ರೂ ಅನುಮಾನ ಬಂದ್ರೆ ಇದನ್ನ ಹಾಕಿ ನೋಡು. ಇದು ಸುಳ್ಳು ಹೇಳಲ್ಲ." ಅಂದಿನಿಂದ ಆ ಡಬ್ಬಿ ಅವಳ ಮೇಜಿನ ಮೇಲಿನ ಸ್ವಂತ ಮಷೀನಿನಲ್ಲಿ ಕೂತಿತು.

ಆ ಮೇಜಿಗೂ ಒಂದು ಚರಿತ್ರೆ ಇದೆ. ಮೊದಲು ಅದಿದ್ದದ್ದು ಮೆಟ್ಟಿಲ ಕೆಳಗೆ. ತಲೆ ಎತ್ತಿದರೆ ಹಣೆಗೆ ಪೆಟ್ಟು. ಮುಂದಿನ ಕೋಣೆ ಮಾವ ಪೇಪರ್ ಓದುವ ಕೋಣೆ. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಮುದ್ರೆ ಒತ್ತಿ ಬಂದವರು, ಅವರ ಜಾಗಕ್ಕೆ ಕೈ ಹಾಕುವ ಧೈರ್ಯ ಯಾರಿಗಿತ್ತು? ಗಿರಾಕಿಗಳು ಒಬ್ಬೊಬ್ಬರೇ ಬಂದು ಹೊಸಿಲಲ್ಲಿ ನಿಂತು ನಿಂತು, ಮಾವನ ಪೇಪರಿಗೆ ಅಡ್ಡ ಬಂದೂ ಬಂದೂ, ಮೂರು ವರ್ಷದ ಮೇಲೆ ಒಂದು ದಿನ ಅವರು ತಮ್ಮ ಕುರ್ಚಿ ಎತ್ತಿಕೊಂಡು, "ತಗೋಮ್ಮ, ನಿನ್ನ ಸಂತೆ ನೀನೇ ನಡೆಸು" ಎಂದು ಒಳಗೆ ಹೋದರು. ಬೀದಿಗೆ ಕಿಟಕಿ ಇರುವ ಆ ಕೋಣೆಯನ್ನು ಅವಳು ಗೆದ್ದದ್ದು ಹಾಗೆ. ಎಂಟು ವರ್ಷ ಅಲ್ಲಿ ಕೂತಳು. ಕಿಟಕಿಯಿಂದ ಯಾರಾದರೂ "ಸ್ಕ್ರೂ ಅಕ್ಕಾ" ಎಂದರೆ ಅವಳ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಹೀಗಿರುವಾಗ ಮೈದುನನ ಮದುವೆಯಾಯಿತು. ಮನೆಗೆ ಓರಗಿತ್ತಿ ಬಂದಳು.

ಅದುವರೆಗೆ ಅತ್ತೆ ಅವಳನ್ನು "ನಮ್ಮ ಹುಡುಗಿ" ಎನ್ನುತ್ತಿದ್ದರು. ಒಂದೇ ವಾರದಲ್ಲಿ ಅವಳು ದೊಡ್ಡವಳಾದಳು, ಬಂದವಳು ಚಿಕ್ಕವಳಾದಳು. ಅದಾದರೂ ಹೋಗಲಿ. ಚಿಕ್ಕವಳು ಮಾಡುತ್ತಿದ್ದ ಕೆಲಸ ಇತ್ತಲ್ಲ, ಅದು ನೋಡಿದವರು ಬಾಯಿ ಬಿಡುವಂಥದು. ಇನ್ನೂ ಕಟ್ಟದ ಮನೆಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವುದು. ಗೋಡೆ, ಕಿಟಕಿ, ಕಿಟಕಿಯಿಂದ ನೆಲಕ್ಕೆ ಬೀಳುವ ಬಿಸಿಲು, ಸೋಫಾ ಮೇಲಿನ ಬಟ್ಟೆಯ ನೂಲು ಕೂಡ ಕಾಣುವ ಹಾಗೆ. ಅತ್ತೆ ಪಕ್ಕದ ಮನೆಯವರನ್ನೆಲ್ಲ ಕೈ ಹಿಡಿದು ಮೇಲಿನ ಕೋಣೆಗೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಹನ್ನೊಂದು ವರ್ಷದಲ್ಲಿ ಒಂದು ದಿನವೂ "ಆ ಪೆಟ್ಟಿಗೇಲಿ ಏನು ಮಾಡ್ತೀಯಮ್ಮ" ಎಂದು ಕೇಳದ ಮಾವ, ಮಂಡಿ ನೋವು ಮರೆತು ದಿನಕ್ಕೆ ಎರಡು ಸಲ ಮೆಟ್ಟಿಲು ಹತ್ತುತ್ತಿದ್ದರು. "ಏನು ಕೈ ಕಣೇ ಆ ಮಗೂದು!" ಎಂದು ಇಳಿದು ಬರುತ್ತಿದ್ದರು. ಕೆಳಗೆ ಧೂಳು ಹಿಡಿದ ಫ್ಯಾನನ್ನು ಬ್ರಶ್ಶಿನಿಂದ ಉಜ್ಜುತ್ತಿದ್ದ ದೊಡ್ಡವಳಿಗೆ ಆ ಮಾತು ಕಿವಿಗೆ ಸೀಸ ಹೊಯ್ದ ಹಾಗಾಗುತ್ತಿತ್ತು. ಚಿಕ್ಕವಳ ಆ ಮಷೀನನ್ನು ಜೋಡಿಸಿ ಕೊಟ್ಟವಳು ಯಾರು? ಇವಳೇ. ಯಾರಿಗಾದರೂ ನೆನಪಿತ್ತೇ?

ತಮಾಷೆಯೆಂದರೆ, ಚಿಕ್ಕವಳನ್ನು ದ್ವೇಷಿಸಲು ಒಂದು ಕಾರಣವೂ ಸಿಗುತ್ತಿರಲಿಲ್ಲ. ಮಾತು ಮಾತಿಗೆ ಅಕ್ಕ ಎನ್ನುತ್ತಾಳೆ. ಪಾತ್ರೆ ತೊಳೆಯುತ್ತಾಳೆ. ದೊಡ್ಡವಳಿಗೆ ಟೀಗೆ ಸಕ್ಕರೆ ಕಮ್ಮಿ ಬೇಕೆಂದು ಬಂದ ಮೂರನೇ ದಿನವೇ ಕಲಿತುಕೊಂಡಳು. ಒಂದಾದರೂ ಕೆಟ್ಟ ಬುದ್ಧಿ ಇರಬಾರದೇ ಇವಳಿಗೆ, ಹೊಟ್ಟೆ ತಣ್ಣಗಾಗುತ್ತಿತ್ತು ಎಂದು ದೊಡ್ಡವಳು ಎಷ್ಟೋ ಸಲ ಅಂದುಕೊಂಡಳು.

ಆಗ ಒಂದು ಕೆಲಸ ಬಂತು. ಮನೆ ಕಟ್ಟಿಸುವ ದೊಡ್ಡ ಎಂಜಿನಿಯರೊಬ್ಬರು ಚಿಕ್ಕವಳಿಗೆ ಪರೀಕ್ಷೆಗೆಂದು ಮೂರು ಮನೆಗಳ ನಕ್ಷೆ ಕೊಟ್ಟರು. ಮೂರನ್ನೂ ಚಿತ್ರ ಮಾಡಿ ತೋರಿಸಬೇಕು. ಎರಡು ತಿಂಗಳು ಟೈಮು. ಒಪ್ಪಿದರೆ ಅವರ ಕಚೇರಿಯ ಕೆಲಸವೆಲ್ಲ ಖಾಯಂ ಇವಳಿಗೇ. ಇದನ್ನು ಕೇಳಿ ತವರಿನ ಅಣ್ಣ ಖುಷಿಯಿಂದ ಚಿತ್ರ ಬೇಗ ಮೂಡಿಸುವ ಒಂದು ದೊಡ್ಡ ಗ್ರಾಫಿಕ್ಸ್ ಕಾರ್ಡ್ ತಂದುಕೊಟ್ಟ. ಹೊಳೆಯುವ ಡಬ್ಬಿ, ಒಳಗೆ ಮೂರು ಫ್ಯಾನಿನ ಕಾರ್ಡು. ಚಿಕ್ಕವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು, "ಅಕ್ಕಾ, ಇದನ್ನ ನೀವೇ ಹಾಕ್ಕೊಡ್ಬೇಕು" ಎಂದಳು. ದೊಡ್ಡವಳಿಗೆ ತವರಿನಿಂದ ಒಂದು ಸ್ಕ್ರೂಡ್ರೈವರನ್ನೂ ಯಾರೂ ತಂದುಕೊಟ್ಟವರಲ್ಲ.

ಕಾರ್ಡು ಕೈಗೆ ಬಂದ ಕೂಡಲೇ ಅವಳಿಗೆ ಗೊತ್ತಾಯಿತು, ಇದು ಹೊಟ್ಟೆಬಾಕ. ಚಿಕ್ಕವಳ ಮಷೀನಿನಲ್ಲಿದ್ದದ್ದು ನಾನೂರು ವಾಟಿನ ಪವರ್ ಸಪ್ಲೈ. ಗೋಡೆಯಿಂದ ಬಂದ ಕರೆಂಟನ್ನು ಪೆಟ್ಟಿಗೆಯೊಳಗಿನವರಿಗೆಲ್ಲ ಬಡಿಸುವುದು ಅದರ ಕೆಲಸ. ನಾಲ್ಕು ಜನಕ್ಕೆ ಅಡುಗೆ ಮಾಡಿಟ್ಟ ಮನೆಗೆ ಎರಡಾಳು ಊಟ ಒಬ್ಬನೇ ಹೊಡೆಯುವ ನೆಂಟ ಬಂದರೆ ಹೇಗೋ ಹಾಗೆ. ಕಾರ್ಡು ಸುಮ್ಮನಿದ್ದಾಗ ಏನೂ ತೋರುವುದಿಲ್ಲ. ಅದು ಮೈಮುರಿದು ಚಿತ್ರ ಮಾಡಲು ಕೂತಾಗ ಕರೆಂಟು ಸಾಲದೆ ಮಷೀನೇ ಆರಿಹೋಗುತ್ತದೆ. ಕಾರ್ಡಿಗೆ ಬೇಕಾದ ಎರಡನೇ ಪ್ಲಗ್ಗೇ ಆ ಸಪ್ಲೈಯಲ್ಲಿ ಇರಲಿಲ್ಲ. ಕಾರ್ಡಿನ ಡಬ್ಬಿಯಲ್ಲಿದ್ದ ಜೋಡಿಸುವ ವೈರು ಹಾಕಿ ಹೇಗೋ ಕೂರಿಸಿದಳು. ಕೂರಿಸಿ, ಅಭ್ಯಾಸದಂತೆ ಚೀಟಿ ಬರೆದಳು. 'ಬೇಕು 600. ಇದೆ 400. ದೋಷ: ಪವರ್ ಸಾಲದು, ಬದಲಾಯಿಸಬೇಕು.' ತಾರೀಕು, ಸಹಿ. ಅಂಟಿಸಿ ತಗಡು ಮುಚ್ಚಿದಳು.

ಹೇಳಬಾರದು ಎಂದು ಅವಳೇನೂ ಮೊದಲೇ ನಿಶ್ಚಯಿಸಿರಲಿಲ್ಲ, ಇದನ್ನು ಮಾತ್ರ ಅವಳ ಪರವಾಗಿ ಹೇಳಬೇಕು. "ಸಪ್ಲೈ ಬದಲಾಯಿಸೋವರೆಗೆ ಜಾಸ್ತಿ ಓಡಿಸ್ಬೇಡ ಕಣೇ" ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಚಿಕ್ಕವಳು ಕೆಳಗೆ ಅಡುಗೆಮನೆಯಲ್ಲಿದ್ದಳು. ಹೇಳಲೆಂದೇ ಮೆಟ್ಟಿಲಿಳಿದು ಬಂದರೆ, ಮುಂದಿನ ಕೋಣೆಯಲ್ಲಿ ಮಾವ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದರು.

"ಏನು ಮಾವ ಅಳೀತಿದೀರಾ?"

"ಚಿಕ್ಕವಳ ಮೇಜು ಈ ಕಿಟಕಿ ಹತ್ರ ಹಿಡಿಸುತ್ತಾ ಅಂತ ನೋಡ್ತಿದ್ದೆ. ಕೆಲಸ ಖಾಯಂ ಆದ್ರೆ ಎಂಜಿನಿಯರು, ದೊಡ್ಡ ಮನುಷ್ಯರು ಬರ್ತಾರೆ. ಅವರನ್ನ ಮೆಟ್ಟಿಲು ಹತ್ತಿಸೋಕಾಗುತ್ತಾ?"

"ಮತ್ತೆ ನನ್ನ ಮೇಜು?"

"ನಿಂದೇನಮ್ಮ, ಮೆಟ್ಟಿಲ ಕೆಳಗೆ ಜಾಗ ಇದ್ಯಲ್ಲ. ನಿನಗೆ ಅಭ್ಯಾಸವೂ ಇದೆ."

ಟೇಪು ಸರ್ರೆಂದು ಒಳಗೆ ಸುತ್ತಿಕೊಂಡಿತು. ದೊಡ್ಡವಳ ನಾಲಿಗೆಯ ತುದಿಯಲ್ಲಿದ್ದ ಮಾತೂ ಹಾಗೇ ಒಳಗೆ ಹೋಯಿತು. ಅಡುಗೆಮನೆಯಿಂದ ಚಿಕ್ಕವಳು ಇಣುಕಿ, "ಆಯ್ತಾ ಅಕ್ಕ?" ಎಂದಳು.

"ಆಯ್ತು ಕಣೇ," ಎಂದಳು ದೊಡ್ಡವಳು.

ಒಂಬತ್ತು ದಿನಕ್ಕೆ ಮೊದಲ ಸಲ ಆರಿತು. ಮೇಲಿನಿಂದ "ಅಯ್ಯೋ!" ಎಂದು ಚಿಕ್ಕವಳ ದನಿ ಕೇಳಿದಾಗ ದೊಡ್ಡವಳಿಗೆ ಹಾಲು ಕುಡಿದಷ್ಟು ಸುಖವಾಯಿತು. ಸುಖವೇ ಆಯಿತು. ಮುಚ್ಚಿಟ್ಟು ಏನು ಪ್ರಯೋಜನ?

"ಅಕ್ಕ, ಪತ್ರ ಬರೆದ್ರೆ ಏನೂ ಆಗಲ್ಲ, ಸಿನಿಮಾ ನೋಡಿದ್ರೂ ಆಗಲ್ಲ. ಚಿತ್ರಕ್ಕೆ ಬೆಳಕು ತುಂಬೋಕೆ ಬಿಟ್ಟಾಗ ಮಾತ್ರ ಟಪ್ ಅಂತ ಆಫ್ ಆಗುತ್ತೆ."

ರೋಗಿ ತಾನೇ ರೋಗದ ಹೆಸರು ಹೇಳಿದ ಹಾಗಿತ್ತು. ಬೇರೆ ಯಾರೇ ಹೀಗೆಂದಿದ್ದರೂ ಅವಳು ಎದ್ದು ಹೋಗಿ ಮೇಷ್ಟ್ರ ಡಬ್ಬಿ ತರುತ್ತಿದ್ದಳು. ಇಲ್ಲಿ ಮಾತ್ರ ಗಂಭೀರವಾಗಿ ತಲೆ ಆಡಿಸಿದಳು. "ನೋಡೋಣ. ಒಂದೊಂದೇ ನೋಡ್ಬೇಕು."

ಒಂದೊಂದೇ ನೋಡಿದಳು. ಮೊದಲ ವಾರ ಮೆಮೊರಿ ಕಡ್ಡಿಗಳನ್ನು ಕಿತ್ತು, ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಹಾಕಿದಳು. ಎರಡನೇ ವಾರ ಪ್ರಾಸೆಸರಿನ ಮೇಲಿನ ಒಣಗಿದ ಪೇಸ್ಟು ಒರೆಸಿ ಹೊಸದು ಹಚ್ಚಿದಳು. ಮೂರನೇ ವಾರ ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದಳು. ಒಂದು ದಿನ ಗೋಡೆಯ ಪ್ಲಗ್ಗು ಬದಲಾಯಿಸಿದಳು, ಇನ್ನೊಂದು ದಿನ ಸೆಕೆಗೆಂದು ಪೆಟ್ಟಿಗೆಯ ಪಕ್ಕ ಫ್ಯಾನು ಇಟ್ಟಳು. ಪ್ರತಿಯೊಂದೂ ನಿಜವಾದ ರಿಪೇರಿಯೇ, ಪುಸ್ತಕದಲ್ಲಿ ಇರುವಂಥದೇ. ಮೊದಲು ಮಾಡಬೇಕಾದ್ದೊಂದನ್ನು ಬಿಟ್ಟು ಉಳಿದದ್ದೆಲ್ಲ ಅಚ್ಚುಕಟ್ಟಾಗಿ ನಡೆಯಿತು. ಪ್ರತಿ ಸಲ ತಗಡು ತೆಗೆದಾಗಲೂ ಒಳಮೈಗೆ ಅಂಟಿದ್ದ ತನ್ನದೇ ಅಕ್ಷರ ಕಾಣದ ಹಾಗೆ ತಗಡನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದಳು. ಹರಿದು ಬಿಸಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೈ ಬರಲಿಲ್ಲ. ಮೇಷ್ಟ್ರು ಕಲಿಸಿದ್ದನ್ನು ಹರಿಯಲು ಇನ್ನೂ ಕಲಿತಿರಲಿಲ್ಲ.

ಐದನೇ ವಾರ ದೊಡ್ಡ ಪೆಟ್ಟು ಬಿತ್ತು. ಎರಡನೇ ಮನೆಯ ಚಿತ್ರ ಮುಗಿಯುವ ಹೊತ್ತಿಗೆ ಮಷೀನು ಆರಿ, ನಾಲ್ಕು ದಿನದ ಕೆಲಸವಿದ್ದ ಕಡತ ತೆರೆಯದೇ ಹೋಯಿತು. ಚಿಕ್ಕವಳು ಮೆಟ್ಟಿಲ ಮೇಲೆ ಕೂತು ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. "ನಂಗೇ ಏನೋ ಬರಲ್ಲ ಅನ್ಸುತ್ತೆ ಅಕ್ಕ. ನಾನೇ ಏನೋ ತಪ್ಪು ಒತ್ತುತಿದೀನಿ." ದೊಡ್ಡವಳು ಪಕ್ಕದಲ್ಲಿ ಕೂತು ಅವಳ ತಲೆ ಸವರಿದಳು. "ಅಳ್ಬೇಡ ಸುಮ್ನಿರು" ಎಂದಳು. ಸವರುವ ಕೈಗೆ ಏನೂ ಅನಿಸಲಿಲ್ಲವೇ ಎಂದರೆ, ಅನಿಸಿತು. ಅನಿಸಿದರೂ, ಮುಂದಿನ ಕೋಣೆ ಇನ್ನೂ ತನ್ನದೇ ಎಂಬ ಎಣಿಕೆ ಅದರ ಹಿಂದೆಯೇ ಬಂತು. ಆ ದಿನ ಅವಳಿಗೆ ತನ್ನ ಮೇಲೆ ತನಗೇ ಹೇಸಿಗೆಯಾಗಿ ಊಟ ಸೇರಲಿಲ್ಲ. ಅತ್ತೆ, "ನೋಡು, ಓರಗಿತ್ತಿ ಕಷ್ಟಕ್ಕೆ ಇವಳೂ ಊಟ ಬಿಟ್ಟಿದಾಳೆ" ಎಂದು ಎಲ್ಲರೆದುರು ಹೊಗಳಿದರು. ಆ ಹೊಗಳಿಕೆ ಮೈಮೇಲೆ ಹುಳ ಬಿಟ್ಟಂತಾಯಿತು.

ಅದೇ ವಾರ ಫೋಟೋ ಸ್ಟುಡಿಯೋದವನೊಬ್ಬ ಬಂದು, ತನ್ನ ಮಷೀನು ದೊಡ್ಡ ಫೋಟೋ ತೆರೆದಾಗಲೆಲ್ಲ ಆರುತ್ತದೆ ಎಂದ. ದೊಡ್ಡವಳು ಮೇಷ್ಟ್ರ ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೋದಳು, ಹಾಕಿ ನೋಡಿದಳು, ಹತ್ತು ನಿಮಿಷದಲ್ಲಿ ರೋಗ ಹಿಡಿದಳು. ಹೊಸ ಸಪ್ಲೈ ಬರುವ ತನಕ ಅದನ್ನು ಅವನಲ್ಲೇ ಬಿಟ್ಟು ಬಂದಳು. ನಾಲ್ಕು ದಿನದ ಮೇಲೆ ಅವನು ಡಬ್ಬಿ ವಾಪಸು ಕೊಡಲು ಬಂದಾಗ ಚಿಕ್ಕವಳು ಟೀ ಲೋಟ ಹಿಡಿದುಕೊಂಡು ಮುಂದಿನ ಕೋಣೆಗೆ ಕಾಲಿಡುತ್ತಿದ್ದಳು.

ಸ್ಟುಡಿಯೋದವನದು ಬಾಯಿ ತುಂಬ ಮಾತು. "ಏನು ಅಕ್ಕ ರೀ ನಿಮ್ಮ ಅಕ್ಕ! ಇನ್ನೊಬ್ಬ ಆಗಿದ್ರೆ ಮಷೀನೇ ಬದಲಾಯಿಸಿ ಅಂತಿದ್ದ. ಇವರು ಬಂದ್ರು, ನೋಡಿದ್ರು, ಕರೆಂಟ್ ಸಾಲ್ತಿಲ್ಲ ಅಂದ್ರು. ಅಷ್ಟೇ! ಸುಮ್ನಿದ್ದಾಗ ಸರಿ ಇರುತ್ತೆ, ಭಾರದ ಕೆಲಸ ಕೊಟ್ಟಾಗ ಟಪ್ ಅನ್ನುತ್ತೆ, ಅಂದ್ರೆ ಪವರ್ ಸಪ್ಲೈ ಚಿಕ್ಕದು ಅಂತ ತಿಳ್ಕೋಬೇಕಂತೆ."

ಚಿಕ್ಕವಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಅಕ್ಕ, ನಂದೂ ಹಾಗೇ ಅಲ್ವಾ?"

ಇಲ್ಲಿಯವರೆಗೆ ದೊಡ್ಡವಳು ಒಂದು ಮಾತಿನ ಆಸರೆ ಹಿಡಿದುಕೊಂಡಿದ್ದಳು. ನಾನು ಸುಳ್ಳು ಹೇಳಿಲ್ಲ, ಹೇಳದೆ ಇದ್ದೇನೆ ಅಷ್ಟೇ. ಆ ಕ್ಷಣದಲ್ಲಿ ಅದೂ ಕೈಬಿಟ್ಟುಹೋಯಿತು.

"ನಿಂದು ಬೇರೆ ಕಣೇ," ಎಂದಳು. "ನಿನ್ನ ಮದರ್‌ಬೋರ್ಡಿಗೇ ಏನೋ ಆಗಿದೆ."

ಚಿಕ್ಕವಳು ಅವಳ ಮುಖವನ್ನೇ ನೋಡಿ, ಲೋಟ ಮೇಜಿನ ಮೇಲಿಟ್ಟು ಮೇಲೆ ಹೋದಳು.

ಆ ಸಂಜೆ ಮಾವ ತೀರ್ಮಾನ ಹೇಳಿದರು. ಶನಿವಾರ ಎಂಜಿನಿಯರಿಗೆ ಕೊಡಬೇಕು, ಮಂಗಳವಾರ ಆಯಿತು, ಮನೆಯ ಡಾಕ್ಟರು ಇಷ್ಟು ವಾರ ನೋಡಿದ್ದು ಸಾಕು. "ಬೇಜಾರು ಮಾಡ್ಕೋಬೇಡ ದೊಡ್ಡವಳೇ. ನಾಡಿದ್ದು ಪೇಟೆ ಅಂಗಡಿಗೆ ಕೊಟ್ಟುಬಿಡೋಣ. ಅವನೂ ಒಂದು ಸಲ ಬಿಚ್ಚಿ ನೋಡ್ಲಿ."

ಬಿಚ್ಚಿ ನೋಡಲಿ! ಪೇಟೆ ಅಂಗಡಿಯವನು ಅದೇ ಮೇಷ್ಟ್ರ ಹತ್ತಿರ ಕಲಿತವನು. ತಗಡು ತೆಗೆದ ಕೂಡಲೇ ಅವನ ಕಣ್ಣು ಮೊದಲು ಹೋಗುವುದೇ ಚೀಟಿಯ ಕಡೆಗೆ. ದೊಡ್ಡವಳ ಅಕ್ಷರ, ಅವಳ ಸಹಿ, ಆರು ವಾರ ಹಿಂದಿನ ತಾರೀಕು. 'ಪವರ್ ಸಾಲದು, ಬದಲಾಯಿಸಬೇಕು.' ಗೊತ್ತಿದ್ದೂ ಮನೆಯ ಮಗುವನ್ನು ಸತಾಯಿಸಿದಳು ಎಂದು ಪೇಟೆಯೆಲ್ಲ ಡಂಗುರವಾಗುತ್ತದೆ. ಹನ್ನೊಂದು ಬಿಚ್ಚಿ ಹನ್ನೊಂದು ಹಾಕಿದ ಹೆಸರು ಒಂದೇ ದಿನಕ್ಕೆ ಮಣ್ಣುಪಾಲು.

ಮಾರನೆಯ ದಿನ ಮಧ್ಯಾಹ್ನ ಚಿಕ್ಕವಳು ಬಟ್ಟೆ ಒಣಹಾಕಲು ತಾರಸಿಗೆ ಹೋದದ್ದನ್ನು ನೋಡಿಕೊಂಡು ದೊಡ್ಡವಳು ಮೇಲಿನ ಕೋಣೆಗೆ ನುಗ್ಗಿದಳು. ಈ ಸಲ ಕೈ ಬರುತ್ತದೆ, ಬರಲೇಬೇಕು. ನಾಲ್ಕು ಸ್ಕ್ರೂ ಬಿಚ್ಚಿ ತಗಡು ತಿರುಗಿಸಿದಳು.

ಚೀಟಿ ಇರಲಿಲ್ಲ. ಅಂಟಿನ ಗುರುತು ಮಾತ್ರ ಚೌಕವಾಗಿ ಉಳಿದಿತ್ತು.

ತಗಡನ್ನು ಹೇಗೆ ಮುಚ್ಚಿದಳೋ, ಹೇಗೆ ಕೆಳಗಿಳಿದಳೋ ಅವಳಿಗೇ ಗೊತ್ತಿಲ್ಲ. ನಾಲ್ಕು ಗಂಟೆಗೆ ಚಿಕ್ಕವಳು ಎಂದಿನ ಹಾಗೆ ಟೀ ತಂದಿಟ್ಟಳು. ಬಾಯಿಗಿಟ್ಟು ನೋಡಿದರೆ ಎಂದಿನ ಹಾಗೆ ಸಕ್ಕರೆ ಕಮ್ಮಿ. ಎರಡು ಚಮಚ ಉಪ್ಪು ಹಾಕಿ ತಂದಿದ್ದರೂ ಅವಳು ಗಟಗಟ ಕುಡಿದುಬಿಡುತ್ತಿದ್ದಳು. ಈ ಟೀಯನ್ನು ಕುಡಿಯಲಾಗಲಿಲ್ಲ. ಲೋಟ ಸರಿಸಿ, ಸ್ಕ್ರೂಡ್ರೈವರ್ ತಗೊಂಡು, ತನ್ನ ಮಷೀನಿನಿಂದ ಮೇಷ್ಟ್ರ ಡಬ್ಬಿ ಬಿಚ್ಚಿ, ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು.

ಚಿಕ್ಕವಳು ಆರಿದ ಮಷೀನಿನ ಮುಂದೆ ಕೂತಿದ್ದಳು. ಡಬ್ಬಿ ನೋಡಿದಳು, ಮುಖ ನೋಡಿದಳು.

"ಚೀಟಿ ಹುಡುಕಿದ್ರಾ ಅಕ್ಕ?"

"ಹೂಂ."

ಚಿಕ್ಕವಳು ಪುಸ್ತಕವೊಂದರ ನಡುವಿನಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟಳು. "ನಿನ್ನೆ ಸ್ಟುಡಿಯೋದವರ ಮಾತು ಕೇಳಿ ಬಿಚ್ಚಿ ನೋಡ್ದೆ. ಆಮೇಲೆ ಮಾವ ಅಂಗಡಿಗೆ ಕೊಡೋಣ ಅಂದ್ರಲ್ಲ, ಆಗ ತೆಗೆದಿಟ್ಟೆ. ಅವನು ಓದ್ತಾನೆ. ಓದಿದ್ರೆ ಅವನ ಬಾಯಿ ಮುಚ್ಚಿಸೋರು ಯಾರು?"

ಬೈಗುಳ ಬಂದಿದ್ದರೆ ತಡೆದುಕೊಳ್ಳಲು ದೊಡ್ಡವಳು ಹಲ್ಲು ಕಚ್ಚಿ ತಯಾರಾಗಿದ್ದಳು. ಇದಕ್ಕೆ ತಯಾರಾಗಿರಲಿಲ್ಲ. ಕೈಯಲ್ಲಿನ ಡಬ್ಬಿ ಭಾರವಾಗಿ ಅದನ್ನು ಹಾಸಿಗೆಯ ಮೇಲಿಟ್ಟಳು.

"ಹೊಟ್ಟೆಕಿಚ್ಚು ಕಣೇ," ಎಂದಳು. "ಬೇರೇನೂ ಇಲ್ಲ. ನೀನು ಬಂದಾಗಿಂದ ಉರೀತಿದೀನಿ. ಮಾವ ಮೆಟ್ಟಿಲು ಹತ್ತಿದ್ರೆ ಉರಿ, ಅತ್ತೆ ನಿನ್ನ ಚಿತ್ರ ತೋರಿಸಿದ್ರೆ ಉರಿ. ಆ ಕೋಣೆ ಹೋಗುತ್ತೆ ಅಂದಾಗ ಬಾಯಿ ಕಟ್ಟಿಹೋಯ್ತು. ಅವತ್ತು ಹೇಳೋಕೇ ಅಂತ ಇಳಿದು ಬಂದಿದ್ದೆ, ನಂಬಿದ್ರೆ ನಂಬು."

ಚಿಕ್ಕವಳ ಕಣ್ಣು ತುಂಬಿಕೊಂಡಿತ್ತು. ಅದು ದುಃಖದ ನೀರಲ್ಲ, ಸಿಟ್ಟಿನದು. "ನಾಲ್ಕು ದಿನದ ಕೆಲಸ ಹೋಯ್ತಲ್ಲ ಅಕ್ಕ, ಅವತ್ತು ಮೆಟ್ಟಿಲ ಮೇಲೆ ನನ್ನ ತಲೆ ಸವರಿದ್ರಲ್ಲ. ಆಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

"ನಂಗೇ ಕೆಲಸ ಬರಲ್ಲ ಅಂದ್ಕೊಂಡಿದ್ದೆ ನಾನು. ಬಿಟ್ಟುಬಿಡೋಣ ಅಂದ್ಕೊಂಡಿದ್ದೆ. ಆಗ್ಲೂ?"

"ಆಗ್ಲೂ."

ದೊಡ್ಡವಳು ನೆಲದ ಮೇಲೆ ಕೂತು ತಗಡು ಬಿಚ್ಚಿದಳು, ನಾನೂರರ ಸಪ್ಲೈ ತೆಗೆದಳು, ಮೇಷ್ಟ್ರ ಡಬ್ಬಿ ಕೂರಿಸಿ ಕಾರ್ಡಿಗೆ ಎರಡು ಪ್ಲಗ್ಗನ್ನೂ ನೇರವಾಗಿ ಕೊಟ್ಟಳು. ಚಿಕ್ಕವಳು ಟಾರ್ಚ್ ಹಿಡಿದಳು. ಹಿಡಿ ಎಂದು ಯಾರೂ ಹೇಳಲಿಲ್ಲ. ಮಷೀನು ಎದ್ದಿತು. ಚಿಕ್ಕವಳು ಮತ್ತೆ ಮೊದಲಿಂದ ಮಾಡಿಟ್ಟಿದ್ದ ಎರಡನೇ ಮನೆಯ ಚಿತ್ರಕ್ಕೆ ಬೆಳಕು ತುಂಬಲು ಬಿಟ್ಟು, ನೂರಕ್ಕೆ ಎಷ್ಟು ಮುಗಿಯಿತೆಂದು ತೋರಿಸುವ ಪರದೆಯ ಮೇಲಿನ ಅಂಕಿ ನೋಡುತ್ತ ಇಬ್ಬರೂ ಕೂತರು. ಎಪ್ಪತ್ತು ದಾಟಿತು. ಟಪ್ ಎನ್ನುತ್ತಿದ್ದದ್ದು ಎಂಬತ್ತರ ಹತ್ತಿರ. ಎಂಬತ್ತು, ತೊಂಬತ್ತು, ನೂರು. ಇಲ್ಲದ ಮನೆಯೊಂದರ ನೆಲದ ಮೇಲೆ ಬಿಸಿಲು ಬಿತ್ತು. ಚೆನ್ನಾಗಿತ್ತು, ದರಿದ್ರದ್ದು ಎಷ್ಟು ಚೆನ್ನಾಗಿತ್ತೆಂದರೆ ದೊಡ್ಡವಳಿಗೆ ಮತ್ತೆ ಒಂದು ಸಲ ಹೊಟ್ಟೆ ಚುರ್ರೆಂದಿತು.

"ಶನಿವಾರದವರೆಗೆ ತಗಡು ಹಾಕೋದು ಬೇಡ," ಎಂದಳು ಏಳುತ್ತ. "ಬಿಸಿ ಎಷ್ಟಾಗುತ್ತೆ ನೋಡ್ಬೇಕು."

"ಪೇಟೆ ಅಂಗಡಿಗೆ ಬೇಡ ಅಂತ ಮಾವಂಗೆ ನಾನು ಹೇಳ್ತೀನಿ," ಎಂದಳು ಚಿಕ್ಕವಳು. ಅವಳ ಮುಖ ಇನ್ನೂ ಗಂಟಾಗಿಯೇ ಇತ್ತು. "ಸಿಟ್ಟು ಇಳಿದಿಲ್ಲ ನಂಗೆ. ಅದು ನಿಮ್ಮ ಮೇಲೆ, ನಿಮ್ಮ ಹತ್ರಾನೇ ಇರುತ್ತೆ. ಬೇರೆಯವರಿಗೆ ಯಾಕೆ?"

ನಾನೂರರ ಸಪ್ಲೈ ದೊಡ್ಡವಳ ಮೇಜಿನ ಮಷೀನಿಗೆ ಬಂತು. ಚಿಕ್ಕವಳು ಮೂರು ಮನೆಯನ್ನೂ ಶನಿವಾರಕ್ಕೆ ಮುಗಿಸಿ ಕೊಟ್ಟಳು. ಬುಧವಾರ ಎಂಜಿನಿಯರ ಫೋನು ಬಂತು, ಕೆಲಸ ಖಾಯಂ. ಅತ್ತೆ ಚಿಕ್ಕವಳ ಕೆನ್ನೆ ಹಿಂಡಿದರು. ಮಾವ ಯಾರನ್ನೂ ಕೇಳದೆ ಟೇಪು ಹಿಡಿದು ಮುಂದಿನ ಕೋಣೆಗೆ ಬಂದರು. 

ದೊಡ್ಡವಳು ತನ್ನ ಸಾಮಾನುಗಳನ್ನು ಒಂದೊಂದಾಗಿ ರಟ್ಟಿನ ಪೆಟ್ಟಿಗೆಗೆ ಹಾಕತೊಡಗಿದ್ದಳು. ಯಾರೂ ಹೇಳಿರಲಿಲ್ಲ. ಕೇಳುವ ಮುಖ ತನಗಿಲ್ಲ ಎಂದು ಅವಳೇ ತೀರ್ಮಾನಿಸಿದ್ದಳು. ಬ್ರಶ್ಶು, ಪೇಸ್ಟು, ಸ್ಟೀಲ್ ಮುಚ್ಚಳ.

"ಈ ಗೋಡೆಗೆ ಚಿಕ್ಕವಳ ಮೇಜು, ಆ ಕಡೆ ಎರಡು ಕುರ್ಚಿ," ಎಂದರು ಮಾವ.

"ಬೇಡ ಮಾವ," ಎಂದಳು ಬಾಗಿಲಲ್ಲಿ ನಿಂತ ಚಿಕ್ಕವಳು. "ಬೀದಿ ಧೂಳು ಆ ಮಷೀನಿಗೆ ಆಗಿಬರಲ್ವಂತೆ. ಮೇಲೇ ಇರ್ಬೇಕಂತೆ. ಅಕ್ಕ ಹೇಳಿದಾರೆ."

ಅಕ್ಕ ಹೇಳಿರಲಿಲ್ಲ. ಅಂಥ ಮಾತೇ ಎಂದೂ ನಡೆದಿರಲಿಲ್ಲ.

"ಹೌದೇನಮ್ಮ?" ಮಾವ ದೊಡ್ಡವಳ ಕಡೆ ತಿರುಗಿದರು.

ದೊಡ್ಡವಳು ಚಿಕ್ಕವಳ ಮುಖ ನೋಡಿದಳು. ಅಲ್ಲಿ ನಗು ಇರಲಿಲ್ಲ, ದಯೆಯೂ ಇರಲಿಲ್ಲ. ಹೇಳಿ ಮುಗಿಸಿದ ಮಾತಿನ ನೆಮ್ಮದಿ ಮಾತ್ರ ಇತ್ತು. ಕೋಣೆ ಉಳಿಯಿತು. ಯಾವುದಕ್ಕಾಗಿ ಆರು ವಾರ ಪಾಪ ಕಟ್ಟಿಕೊಂಡಿದ್ದಳೋ ಅದನ್ನು ಈ ಹುಡುಗಿ ಒಂದೇ ವಾಕ್ಯದಲ್ಲಿ ಎತ್ತಿ ಕೊಟ್ಟುಬಿಟ್ಟಳಲ್ಲ! ಕೊಡುವುದರಲ್ಲೂ ಇವಳೇ ಮೇಲಾದಳಲ್ಲ ಎಂದು ಹಾಳು ಹೊಟ್ಟೆ ಅದಕ್ಕೂ ಉರಿಯಿತು.

"ಹೌದು ಮಾವ," ಎಂದಳು.

ಮಾವ ಟೇಪು ಸುತ್ತಿಕೊಂಡು ಒಳಗೆ ಹೋದರು. ದೊಡ್ಡವಳು ರಟ್ಟಿನ ಪೆಟ್ಟಿಗೆಯಿಂದ ಸ್ಟೀಲ್ ಮುಚ್ಚಳ, ಪೆನ್ನು, ಚೀಟಿಯ ಪುಸ್ತಕ ತೆಗೆದುಕೊಂಡು ಚಿಕ್ಕವಳ ಹಿಂದೆಯೇ ಮೇಲೆ ಹೋದಳು. ತಗಡು ಇನ್ನೂ ಗೋಡೆಗೆ ಒರಗಿ ನಿಂತಿತ್ತು. ಮುಚ್ಚುವುದಿತ್ತು, ಮುಚ್ಚುವ ಮೊದಲು ಬರೆಯುವುದಿತ್ತು. ನೆಲದ ಮೇಲೆ ಕೂತು ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆದಳು. ತಾರೀಕು. 'ಬೇಕು 600. ಇದೆ 750. ದೋಷ: ಪವರ್ ಸಾಲದೆ ಆರುತ್ತಿತ್ತು. ಜೋಡಿಸಿದವಳಿಗೆ ಗೊತ್ತಿದ್ದೂ ಆರು ವಾರ ಹೇಳಲಿಲ್ಲ. ಕಾರಣ: ಹೊಟ್ಟೆಕಿಚ್ಚು.' ಸಹಿ ಹಾಕಿ ಚೀಟಿ ಹರಿದು ಚಿಕ್ಕವಳ ಕೈಗೆ ಕೊಟ್ಟಳು.

ಕೊಟ್ಟು ಕಾದಳು. ಅಯ್ಯೋ ಬಿಡಿ ಅಕ್ಕ, ಇದನ್ನೆಲ್ಲ ಯಾಕೆ ಬರೀತೀರಾ, ಹರಿದು ಹಾಕಿ ಎನ್ನುತ್ತಾಳೆ. ಖಂಡಿತ ಎನ್ನುತ್ತಾಳೆ. ಅಂಥವಳೇ ಅವಳು.

ಚಿಕ್ಕವಳು ಚೀಟಿಯನ್ನು ಒಮ್ಮೆ ಓದಿದಳು. ಇನ್ನೊಮ್ಮೆ, ನಿಧಾನವಾಗಿ, ತಾರೀಕಿನಿಂದ ಸಹಿಯವರೆಗೆ ಓದಿದಳು. ಆಮೇಲೆ ಮೇಜಿನ ಮೇಲಿದ್ದ ಅಂಟುಟೇಪಿನ ಸುರುಳಿಯಿಂದ ಎರಡು ತುಂಡು ಹಲ್ಲಿನಲ್ಲಿ ಕಡಿದು, ಚೀಟಿಯ ಜೊತೆಗೆ ಅವಳ ಕೈಗಿಟ್ಟಳು.

"ಅಂಟಿಸಿ ಅಕ್ಕ," ಎಂದಳು.